ಬೆಳಗಿನ ಸಭೆಗೆ ಒಂದು ಮುದಿ ನಾಯಿ

ಬೆಳಗಿನ ಭಾಷಣವೆಂದರೆ ನನಗೆ ಮೈಯುರಿ. ಜಪಾನಿನ ನಗೋಯಾದ ಅಂಚಿನಲ್ಲಿರುವ ನಮ್ಮ ಕಚೇರಿಯಲ್ಲಿ ಕಾರಿನ ಬ್ರೇಕುಗಳನ್ನು ನಡೆಸುವ ಸಾಫ್ಟ್‌ವೇರನ್ನು ಪರೀಕ್ಷಿಸುತ್ತೇವೆ. ದಿನ ಶುರುವಾಗುವುದು ಎಲ್ಲರೂ ಎದ್ದು ನಿಂತು. ಮ್ಯಾನೇಜರ್ ಅಂದಿನ ಕೆಲಸ ಹೇಳಿದ ಮೇಲೆ ಸರದಿಯಂತೆ ಒಬ್ಬರು ಮೂರು ನಿಮಿಷ ಮಾತಾಡಬೇಕು. ವಿಷಯ ಯಾವುದಾದರೂ ಸರಿ, ಕೊನೆಗೆ ಅದನ್ನು ಎಳೆದು ತಂದು ಕೆಲಸಕ್ಕೆ ಕಟ್ಟಬೇಕು. ಭಾನುವಾರ ಬಾಲ್ಕನಿಯಲ್ಲಿ ಟೊಮೇಟೊ ನೆಟ್ಟೆ, ಅದರಿಂದ ಗುಣಮಟ್ಟದ ಮಹತ್ವ ಅರಿವಾಯಿತು, ಹೀಗೆ. ನಿದ್ದೆಗಣ್ಣಿನಲ್ಲಿ ಇದನ್ನು ಕೇಳಿ ಚಪ್ಪಾಳೆ ತಟ್ಟುತ್ತಾ ನನಗೆ ಹನ್ನೊಂದು ವರ್ಷ ಕಳೆದಿವೆ.

ನನ್ನ ಸರದಿಗೆ ಮೊದಮೊದಲು ದಸರಾ, ದೋಸೆ, ಮೈಸೂರು ರೇಷ್ಮೆ ಎಲ್ಲ ಬಂದು ಹೋದವು. ಸರಕು ಮುಗಿದಾಗ ನೆನಪಾದದ್ದು ಶಾಲೆಯ ನೀತಿಪಾಠ. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಟೀಚರ್ ಹಳೆಯ ಗ್ರೀಕರ ಒಂದು ಪ್ರಾಣಿಕಥೆ ಹೇಳಿ, "ಏನ್ರೋ ಇದರ ನೀತಿ?" ಎಂದು ಕೇಳುತ್ತಿದ್ದರು. ನಾವು ಒಂದೇ ಉಸಿರಿಗೆ ಒಂದು ಸಾಲು ಕೂಗಿ ಮನೆಗೆ ಓಡುತ್ತಿದ್ದೆವು. ನರಿ, ಕಾಗೆ, ಎತ್ತಿನಷ್ಟು ಉಬ್ಬಲು ಹೋದ ಕಪ್ಪೆ. ಕಥೆಯೂ ಸಿದ್ಧ, ನೀತಿಯೂ ಸಿದ್ಧ. ಸೋಮಾರಿಗೆ ಇದಕ್ಕಿಂತ ಇನ್ನೇನು ಬೇಕು? ಕಚೇರಿಯಲ್ಲಿ ನನಗೆ ಪ್ರಾಣಿಕಥೆಯವಳು ಎಂದೇ ಹೆಸರು ಬಿತ್ತು.

ಸುಮ್ಮನೆ ಹೇಳಬಾರದು, ಸಬ್‌ವೇಯಲ್ಲಿ ಕೂತು ಆ ಕಥೆಗಳ ಬಗ್ಗೆ ಅಷ್ಟಿಷ್ಟು ಓದಿಯೂ ಇದ್ದೆ. ಮೂಲದಲ್ಲಿ ಅನೇಕ ಕಥೆಗಳಿಗೆ ನೀತಿಯ ಸಾಲೇ ಇರಲಿಲ್ಲವಂತೆ. ಆಮೇಲೆ ಬಂದವರು ತಮತಮಗೆ ಬೇಕಾದ ಬಾಲ ಅಂಟಿಸಿದರು. ರೋಮಿನ ಮೇಷ್ಟ್ರುಗಳು ಮಕ್ಕಳ ಕೈಲಿ ಒಂದೇ ಕಥೆಯನ್ನು ಹಿಗ್ಗಿಸಿ, ಕುಗ್ಗಿಸಿ, ನೀತಿಯನ್ನು ಒಮ್ಮೆ ಮುಂದೆ ಒಮ್ಮೆ ಹಿಂದೆ ಇಡಿಸಿ ಭಾಷಣ ಕಲಿಸುತ್ತಿದ್ದರಂತೆ. ಒಮ್ಮೆ ರೋಮಿನ ಬಡಜನ ಮುನಿಸಿಕೊಂಡು ಊರು ಬಿಟ್ಟು ಹೋದಾಗ, ದೊಡ್ಡ ಮನುಷ್ಯನೊಬ್ಬ ಅವರಿಗೆ ಹೊಟ್ಟೆಯ ವಿರುದ್ಧ ಮುಷ್ಕರ ಹೂಡಿ ತಾವೇ ಸೊರಗಿದ ಕೈಕಾಲುಗಳ ಕಥೆ ಹೇಳಿ ವಾಪಸು ಕರೆತಂದನಂತೆ. ಅದನ್ನು ನಾನು ಸಭೆಯಲ್ಲಿ ಹೇಳಿದ ದಿನ ಮ್ಯಾನೇಜರಿಗೆ ಎಷ್ಟು ಖುಷಿಯಾಯಿತೆಂದರೆ, ನಮ್ಮ ವಿಭಾಗವೂ ಒಂದೇ ದೇಹ ಎಂದು ಇಡೀ ವಾರ ಹೇಳಿಕೊಂಡು ತಿರುಗಿದರು. ಅಷ್ಟು ಖುಷಿ ಯಾಕೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ನನ್ನ ಎಡಗಡೆಯ ಮೇಜಿನಲ್ಲಿ ಒಬ್ಬ ಹಿರಿಯರು ಕೂರುತ್ತಿದ್ದರು. ನಿವೃತ್ತರಾದ ಮೇಲೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷಕ್ಕೊಂದು ಕರಾರಿನಂತೆ ಕಂಪನಿ ಅವರನ್ನು ಮತ್ತೆ ಇಟ್ಟುಕೊಂಡಿತ್ತು. ನಾನು ಹೊಸದಾಗಿ ಬಂದಾಗ ದೋಷದ ವರದಿ ಓದುವುದನ್ನು, ಯಾವ ಸಾಲನ್ನು ನಂಬಬೇಕು ಯಾವುದನ್ನು ನಂಬಬಾರದು ಎನ್ನುವುದನ್ನು ಕಲಿಸಿದವರು ಅವರೇ. ಪರೀಕ್ಷೆಯ ಯಂತ್ರದಲ್ಲಿ ಬ್ರೇಕಿನ ಪಂಪು ಗುರುಗುಟ್ಟುವ ಸದ್ದು ಕೇಳಿಯೇ "ಇವತ್ತು ಇದಕ್ಕೆ ಮೈ ಸರಿಯಿಲ್ಲ" ಎನ್ನುತ್ತಿದ್ದರು. ಗಂಟೆಯ ನಂತರ ಕಂಪ್ಯೂಟರ್ ಅದನ್ನೇ ಹೇಳುತ್ತಿತ್ತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. "ಇಲ್ಲಿಗೆ ಬಂದರೆ ಬೆಳಿಗ್ಗೆ ಹತ್ತು ಜನ ಒಹಾಯೋ ಅನ್ನುತ್ತಾರೆ. ಮನೆಯಲ್ಲಿ ಅಕ್ಕಿ ಬೇಯಿಸುವ ಕುಕ್ಕರ್ ಒಂದೇ ಮಾತಾಡುವುದು" ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಾವು ಪರೀಕ್ಷಿಸುತ್ತಿದ್ದ ಹೊಸ ಬ್ರೇಕು ರಸ್ತೆಗೆ ಇಳಿಯುವವರೆಗೆ, ಅಂದರೆ ಇನ್ನೆರಡು ವರ್ಷ, ಹೇಗಾದರೂ ಇರಬೇಕು ಎನ್ನುವುದು ಅವರ ಆಸೆ. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ನನ್ನ ಹತ್ತಿರ ಮಾತ್ರ.

ಜನವರಿಯಲ್ಲಿ ಅವರು ಒಂದು ದೋಷ ನೋಡದೆ ಬಿಟ್ಟರು. ಪರದೆಯ ಮೇಲೆ ಸಣ್ಣ ಅಂಕಿಗಳು, ಕಣ್ಣು ಮೊದಲಿನಂತಿರಲಿಲ್ಲ. ಮೂರು ದಿನದ ಕೆಲಸ ಮತ್ತೆ ಮಾಡಬೇಕಾಯಿತು, ಅಷ್ಟೇ. ಆದರೆ ಮ್ಯಾನೇಜರ್ ಎಲ್ಲರೆದುರು ಮೆತ್ತಗಿನ ದನಿಯಲ್ಲಿ "ಏಪ್ರಿಲ್‌ನಿಂದ ಹೇಗೆ ಎಂದು ಎಲ್ಲರೂ ಯೋಚಿಸೋಣ" ಎಂದರು. ಬೈದಿದ್ದರೆ ವಾಸಿಯಿತ್ತು. ಹಿರಿಯರು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆ ತಗ್ಗಿಸಿದರು.

ನೇರವಾಗಿ ಮ್ಯಾನೇಜರ್ ಕೋಣೆಗೆ ಹೋಗಿ ಅವರನ್ನು ಬಿಡಬೇಡಿ ಎನ್ನಲು ನನಗೆ ಧೈರ್ಯವಾಗಲಿಲ್ಲ. ಹೊರಗಿನವಳು, ಊಟದ ಹೊತ್ತಿಗೆ ಮೊಸರನ್ನದ ಡಬ್ಬಿ ತೆರೆಯುವವಳು, ನನಗ್ಯಾಕೆ ಬೇಕು ಎನ್ನಿಸಿತು. ಮುಂದಿನ ವಾರ ನನ್ನ ಸರದಿ ಇತ್ತು. ಕಥೆ ಹೇಳಿದರೆ ಯಾರಿಗೂ ಏಟು ಬೀಳುವುದಿಲ್ಲ, ತಿಳಿಯಬೇಕಾದವರಿಗೆ ತಿಳಿಯುತ್ತದೆ ಎಂದು ಲೆಕ್ಕ ಹಾಕಿದೆ. ನನ್ನ ಜಪಾನಿ ಭಾಷಣಗಳನ್ನು ತಿದ್ದುವವಳು ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು. ಆ ವಾರ ಅವಳಿಗೆ ಪರೀಕ್ಷೆ ಇದ್ದದ್ದರಿಂದ ಅವಳಿಗೆ ತೋರಿಸಲಿಲ್ಲ.

ಕಥೆ ಇಷ್ಟೇ. ಒಂದು ಬೇಟೆನಾಯಿ ಜೀವಮಾನವೆಲ್ಲ ಒಡೆಯನಿಗಾಗಿ ಓಡಿತು. ವಯಸ್ಸಾದ ಮೇಲೆ ಒಂದು ದಿನ ಕಾಡುಹಂದಿಯ ಕಿವಿ ಹಿಡಿಯಿತು, ಹಲ್ಲು ನಿಲ್ಲಲಿಲ್ಲ, ಹಂದಿ ತಪ್ಪಿಸಿಕೊಂಡಿತು. ಒಡೆಯ ಬೈದ. "ಸೋತದ್ದು ನನ್ನ ಶಕ್ತಿ, ಮನಸ್ಸಲ್ಲ. ಈಗಿನ ನನ್ನನ್ನು ಬೈಯುವ ಮೊದಲು ಆಗಿನ ನನ್ನನ್ನು ನೆನೆಸಿಕೊ" ಎಂದಿತು ನಾಯಿ. ಕನ್ನಡದಲ್ಲಿ ಯಾರನ್ನಾದರೂ ಮುದಿ ನಾಯಿ ಎಂದರೆ ಏನಾಗುತ್ತದೆಂದು ಗೊತ್ತಿದ್ದೂ ಗೊತ್ತಿದ್ದೂ ನಾನು ಈ ಕಥೆಗೆ ಕೈ ಹಾಕಿದೆ. ಒಡೆಯನಿಗೆ ನಾಚಿಕೆಯಾಗಲಿ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕೊನೆಗೆ ಎಡಕ್ಕೆ ತಿರುಗಿ, "ನಮ್ಮಲ್ಲೂ ಬಹಳ ವರ್ಷ ದುಡಿದವರಿದ್ದಾರೆ. ಅವರ ಇಷ್ಟು ಕಾಲದ ಸೇವೆಗೆ ನಾವೆಲ್ಲ ಕೃತಜ್ಞರಾಗಿರೋಣ" ಎಂದು ಕಟ್ಟಿ ಮುಗಿಸಿದೆ.

ಮೊದಲು ಮ್ಯಾನೇಜರ್ ಚಪ್ಪಾಳೆ ಶುರುಮಾಡಿದರು, ಎಲ್ಲರೂ ಜೋರಾಗಿ ತಟ್ಟಿದರು. ಹಿರಿಯರು ನನ್ನ ಕಡೆ ತಿರುಗಿ ಸೊಂಟದವರೆಗೆ ಬಾಗಿದರು, ಬಹಳ ಹೊತ್ತು ಬಾಗಿಯೇ ಇದ್ದರು. ನಾನು ಗೆದ್ದೆ ಎಂದುಕೊಂಡೆ.

ಸಂಜೆ ಮಗಳಿಗೆ ಹೇಳಿದೆ. ಅವಳು ಪುಸ್ತಕ ಮುಚ್ಚಿದಳು.

"ಅಮ್ಮಾ, ಎವ್ರಿಬಡಿ ಮುಂದೆ ಅವರಿಗೆ ಥ್ಯಾಂಕ್ಸ್ ಹೇಳ್ದ್ಯಾ? ಇಷ್ಟು ಇಯರ್ಸ್‌ಗೆ ಅಂತ?"

"ಹೌದು ಕಣೇ, ಹೊಗಳಿದೆ. ತಪ್ಪೇನು?"

"ಅದು ಫೇರ್‌ವೆಲ್ ಡೇ ದಿನ ಹೇಳೋದು. ಬಿಟ್ಟು ಹೋಗೋರಿಗೆ ಮಾತ್ರ. ನಮ್ಮ ಸ್ಕೂಲಲ್ಲೂ ಹಾಗೇ. ನೀನು ಅವರಿಗೆ ಪ್ಲೀಸ್ ಗೋ ಅಂದ ಹಾಗಾಯ್ತು."

"ಏಯ್, ಅವರಿಗೆ ನಾನು ಗೊತ್ತಿಲ್ವಾ? ಹಾಗೆಲ್ಲ ತಿಳ್ಕೊಳಲ್ಲ ಅವರು."

ಅವಳು ಪುಸ್ತಕ ಮತ್ತೆ ತೆರೆದಳು.

ಎರಡು ವಾರದ ನಂತರ ಸುದ್ದಿ ಬಂತು. ಕರಾರು ಮುಂದುವರಿಸುವುದು ಬೇಡ ಎಂದು ಹಿರಿಯರೇ ಬರೆದುಕೊಟ್ಟಿದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರ ಎದುರು ಹೋಗಿ ಕೂತೆ. ಅವರು ಉದೋನ್ ಎನ್ನುವ ಸೂಪಿನ ಶಾವಿಗೆ ತಿನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

"ನಿಮಗೆ ತೊಂದರೆಯಾಯಿತು. ಇಂಥ ಮಾತು ಹೇಳುವ ಕೆಲಸ ಯಾರಿಗೂ ಬೇಡ. ಮ್ಯಾನೇಜರ್ ನಿಮ್ಮ ಕೈಲಿ ಹೇಳಿಸಿದರು, ಅಲ್ಲವೇ?"

"ಇಲ್ಲ, ಇಲ್ಲ! ಅವರು ಏನೂ ಹೇಳಿರಲಿಲ್ಲ. ಅದು ನಾನೇ ಹೇಳಿದ್ದು."

"ಓ," ಎಂದರು. ಚಾಪ್‌ಸ್ಟಿಕ್ ಕೆಳಗಿಟ್ಟರು. "ನಿಮಗೇ ಹಾಗೆ ಕಂಡಿತ್ತೇ? ಹಾಗಾದರೆ ನಾನು ಹೋಗುವುದು ಸರಿಯೇ."

ಮ್ಯಾನೇಜರ್ ಹೇಳಿಸಿದ್ದೆಂದರೆ ಸುಳ್ಳಾಗುತ್ತಿತ್ತು, ನಾನೇ ಹೇಳಿದ್ದೆಂದರೆ ಅವರ ಎದೆಗೆ ಒದ್ದ ಹಾಗೆ ಆಗಿತ್ತು. ನನ್ನ ಉದ್ದೇಶ ಅದಕ್ಕೆ ತದ್ವಿರುದ್ಧ, ನಿಮ್ಮನ್ನು ಉಳಿಸಿಕೊಳ್ಳಲಿ ಎಂದೇ ಹೇಳಿದ್ದು ಎಂದು ತೊದಲಿದೆ. ಅವರು ಕೇಳಿಸಿಕೊಂಡರು, ಚಾಪ್‌ಸ್ಟಿಕ್ಕಿನ ಕಾಗದವನ್ನು ಮಡಿಸುತ್ತಾ ಕೇಳಿದರು:

"ಆ ಕಥೆಯಲ್ಲಿ ನಾಯಿಯನ್ನು ಒಡೆಯ ಇಟ್ಟುಕೊಂಡನೇ?"

"ಕಥೆ ಅದನ್ನು ಹೇಳುವುದಿಲ್ಲ. ನಾಯಿಯ ಮಾತಿಗೇ ಮುಗಿಯುತ್ತದೆ."

"ಹೌದಲ್ಲ," ಎಂದು ನಕ್ಕು ಸೂಪು ಕುಡಿದರು.

ಬರೆದದ್ದನ್ನು ವಾಪಸು ತೆಗೆದುಕೊಳ್ಳಿ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಅಷ್ಟೂ ಜನ ಚಪ್ಪಾಳೆ ತಟ್ಟಿದ್ದಾರೆ, ಈಗ ಇಲ್ಲವೆಂದು ಅವರನ್ನೆಲ್ಲ ಮುಜುಗರಕ್ಕೆ ಸಿಕ್ಕಿಸಲಾರೆ ಎಂದರು. ಆಮೇಲೆ, ಸ್ವಲ್ಪ ಸುಸ್ತೂ ಆಗಿದೆ ಎಂದರು. ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಳುವ ಸ್ಥಿತಿಯಲ್ಲಿದ್ದೆ, ಕ್ಯಾಂಟೀನಿನಲ್ಲಿ ಅಳಲಿಲ್ಲ.

ಮಾರ್ಚ್ ಕೊನೆಯ ದಿನ ಹೂಗುಚ್ಛ ಕೊಟ್ಟೆವು. ನಾನು ಹೇಳಿದ್ದ ವಾಕ್ಯವನ್ನೇ ಮ್ಯಾನೇಜರ್ ಹೇಳಿದರು, ಇಷ್ಟು ಕಾಲದ ಸೇವೆಗೆ ಕೃತಜ್ಞತೆಗಳು ಎಂದು. ಹಿರಿಯರು ನಮ್ಮ ಹತ್ತೂ ಜನರಿಗೆ ಒಬ್ಬೊಬ್ಬರಿಗೇ ಬಾಗಿ, ಹೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಲಿಫ್ಟಿನೊಳಗೆ ಹೋದರು. ಆಮೇಲೆ ಎರಡು ಸಲ ಫೋನ್ ಮಾಡಿದೆ. ಚೆನ್ನಾಗಿದ್ದೇನೆ, ಕೆಲಸದ ಹೊತ್ತಿನಲ್ಲಿ ತೊಂದರೆ ತೆಗೆದುಕೊಳ್ಳಬೇಡಿ ಎಂದರು. ಮೂರನೆಯ ಸಲ ಮಾಡಲು ಮುಖವಿರಲಿಲ್ಲ.

ಮೇ ತಿಂಗಳಲ್ಲಿ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿ, ಹಸಿರು ಚಹಾ ಕೊಟ್ಟು, ನನ್ನ ಭಾಷಣಗಳನ್ನು ಮೆಚ್ಚಿದರು. ಆಮೇಲೆ ದನಿ ತಗ್ಗಿಸಿದರು.

"ಪಕ್ಕದ ವಿಭಾಗದಲ್ಲೂ ಒಬ್ಬರಿದ್ದಾರೆ. ಹೇಳುವುದು ನಮಗೆಲ್ಲ ಬಹಳ ಕಷ್ಟ. ಮುಂದಿನ ವಾರ ಅವರ ಬೆಳಗಿನ ಸಭೆಗೆ ಅತಿಥಿಯಾಗಿ ಹೋಗಿ ಆ ನಾಯಿಯ ಕಥೆ ಹೇಳುತ್ತೀರಾ?"

ಈ ಊರಿನಲ್ಲಿ ಯಾರೂ ಯಾರಿಗೂ "ಆಗುವುದಿಲ್ಲ" ಎನ್ನುವುದಿಲ್ಲ. ನೋಡೋಣ, ಸ್ವಲ್ಪ ಕಷ್ಟ, ಎಂದು ಗಾಳಿಗೆ ತೂರಿ ಬಿಡುತ್ತಾರೆ. ನಾನು "ಆಗುವುದಿಲ್ಲ" ಎಂದೆ. ಅವರು ಅದಕ್ಕೊಂದು ಮೆತ್ತನೆಯ ಬಾಲ ಬರುತ್ತದೆಂದು ಕಾದರು. ಬರಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಮ್ಯಾನೇಜರ್ ಮುಖ ಕೆಂಪಾಯಿತು, "ಸರಿ, ಸರಿ" ಎಂದರು, ನಾನು ಎದ್ದು ಬಂದೆ. ಎಲ್ಲ ಸೇರಿ ಅರ್ಧ ನಿಮಿಷ ಹಿಡಿದಿರಬಹುದು.

ಅಷ್ಟೇ ಹೊತ್ತು ಸಾಕಾಗಿತ್ತು ಜನವರಿಯಲ್ಲಿ ಇದೇ ಕೋಣೆಗೆ ಹೋಗಿ, ಅವರಿಗೆ ಇನ್ನೆರಡು ವರ್ಷ ಇರುವ ಆಸೆಯಿದೆ, ಇಟ್ಟುಕೊಳ್ಳಿ ಎನ್ನಲು. ಮ್ಯಾನೇಜರ್ ಆಗ ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.