ಕಾಕಾನ ಸೈಕಲ್ಲು, ನನ್ನ ಓಟ

ನಮ್ಮ ಕಾಕಾನ ಬಲಮೊಣಕಾಲು ಒಂದು ತಿಂಗಳು ತೆಂಗಿನಕಾಯಿಯ ಗಾತ್ರಕ್ಕೆ ಊದಿಕೊಂಡಿದ್ದಕ್ಕೆ ನಾನೇ ಕಾರಣ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ನೀವು ತುಸು ಸಹಾನುಭೂತಿಯಿಂದ ಕೇಳಿಯೀರಿ ಎಂಬ ದುರಾಸೆ ನನ್ನದು.

ಮುಂಡಗೋಡ ಸೀಮೆಯಲ್ಲಿ ಸೈಕಲ್ ತುಳಿಯುವವನನ್ನು ಕಂಡರೆ ಜನ ‘ಎಲ್ಲಿಗೆ’ ಎಂದು ಕೇಳುತ್ತಾರೆ. ಓಡುವವನನ್ನು ಕಂಡರೆ ‘ಏನಾತು’ ಎಂದು ಕೇಳುತ್ತಾರೆ. ಸೈಕಲ್ಲಿಗೊಂದು ಗಮ್ಯವಿರಬೇಕು, ಓಟಕ್ಕೊಂದು ಅನಾಹುತವಿರಬೇಕು; ಎರಡೂ ಇಲ್ಲದೆ ಕೇವಲ ಆರೋಗ್ಯಕ್ಕಾಗಿ ಬೆವರು ಸುರಿಸುವುದು, ದಿನವಿಡೀ ಗದ್ದೆಯಲ್ಲಿ ಬಾಗಿ ನಿಲ್ಲುವವರ ಕಣ್ಣಿಗೆ, ಊಟ ಮುಗಿಸಿ ಕೈ ತೊಳೆದ ಮೇಲೆ ಬರಿಬಾಯಿ ಅಗಿಯುವಷ್ಟೇ ವಿಚಿತ್ರ. ಈ ಕ್ಷುಲ್ಲಕ ಸಂಗತಿ ನನಗೆ ಸಕಾಲದಲ್ಲಿ ಹೊಳೆದಿದ್ದರೆ ಆ ಊತವೂ ಇರುತ್ತಿರಲಿಲ್ಲ, ಈ ಬರಹವೂ ಇರುತ್ತಿರಲಿಲ್ಲ.

ಸನವಳ್ಳಿಯ ನಮ್ಮ ಮನೆಗೆ ಫೋನು ಬಂದ ವರ್ಷವೇ ಕಾಕಾನಿಗೆ ಸಕ್ಕರೆ ಕಾಯಿಲೆಯೂ ಬಂತು. ದಿನಾಲೂ ಬೆವರು ಬರುವಷ್ಟು ಮೈ ದಣಿಸಬೇಕು, ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ನಿತ್ಯವೂ ಸೂಜಿ ಮಾಡಿಸಿಕೊಳ್ಳಬೇಕಾದೀತು ಎಂದು ಮುಂಡಗೋಡದ ಡಾಕ್ಟರು ಹೇಳಿ ಕಳಿಸಿದ್ದರು. ಹಾಯಲು ಬರುವ ಹೋರಿಯ ಕೋಡನ್ನು ನಗುನಗುತ್ತ ಹಿಡಿಯುವ ಕಾಕಾ, ಸೂಜಿಯ ಹೆಸರು ಕೇಳಿದರೆ ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಳ್ಳುತ್ತಿದ್ದ. ಹಾಲಿನ ಕ್ಯಾನು ಹೊರುವ ತನ್ನ ಹಳೆಯ ಸೈಕಲ್ಲನ್ನೇ ಇನ್ನಷ್ಟು ದೂರ ತುಳಿಯುತ್ತೇನೆಂದು ಅವನು ನಿಶ್ಚಯಿಸಿದ. ಕಾಲೇಜಿನ ಓಟದ ಸ್ಪರ್ಧೆಯಲ್ಲಿ ಐವರ ಪೈಕಿ ನಾಲ್ಕನೆಯವನಾಗಿ ಬಂದಿದ್ದ (ಐದನೆಯವನ ಬೂಟು ಕಿತ್ತುಹೋಗಿತ್ತು) ನಾನು, ಓಟದ ಪರ ವಕಾಲತ್ತು ಹಿಡಿದೆ. ಸೈಕಲ್ಲಿನಿಂದ ಆಗುವುದಿದ್ದರೆ ಇಷ್ಟು ವರ್ಷ ತುಳಿದವನಿಗೆ ಕಾಯಿಲೆ ಯಾಕೆ ಬರಬೇಕಿತ್ತು ಎಂದು ಕಾಕಾನೊಡನೆ ವಾದಿಸಿದೆ. ಆದರೂ ಅವನು ಒಪ್ಪಲಿಲ್ಲ.

ಆಗ ನನ್ನ ದುಷ್ಟ ಪ್ರತಿಭೆ ಜಾಗೃತವಾಯಿತು. ಯಾರ ದನಿಯನ್ನಾದರೂ ಕದಿಯುವುದು ನನ್ನ ಹುಟ್ಟುಚಾಳಿ. ಡಾಕ್ಟರ ದನಿಯಂತೂ ಸುಲಭ: ಎರಡು ಸಲ ಕೆಮ್ಮಬೇಕು, ಮೂಗಿನಲ್ಲಿ ಮಾತಾಡಬೇಕು, ಕೊನೆಗೆ ‘ತಿಳೀತಲ್ಲ?’ ಎನ್ನಬೇಕು. ಮಳಗಿಯ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಹಚ್ಚಿ, ಎರಡು ಸಲ ಕೆಮ್ಮಿ, “ಸೈಕಲ್ ಬಿಡ್ರಿ. ಓಡ್ರಿ. ತಿಳೀತಲ್ಲ?” ಎಂದೆ. ಕಾಕಾ ಎದ್ದು ನಿಂತು, ಫೋನಿಗೇ ಕೈಮುಗಿದನಂತೆ.

ಮರುದಿನ ನಸುಕಿನಲ್ಲೇ ಅವನು ವಿಭೂತಿ ಹಚ್ಚಿ, ಧೋತರ ಮೇಲೆ ಕಟ್ಟಿ, ಬರಿಗಾಲಲ್ಲಿ ಓಟ ಕಿತ್ತ. ಅದು ಭತ್ತ ಹಣ್ಣಾಗುವ ಕಾಲ. ದಾಂಡೇಲಿ, ಹಳಿಯಾಳ ಕಡೆಯ ಕಾಡಿನಿಂದ ಇಳಿಯುವ ಆನೆಗಳಿಗೆ ಹೆದರಿ ರೈತರು ಗದ್ದೆಯಲ್ಲಿ ಅಟ್ಟಣಿಗೆ ಕಟ್ಟಿ ಕಾಯುತ್ತಿದ್ದರು. ಬಸ್ಸು ಹೊರಟರೂ ಅವಸರ ಮಾಡದ ಕಾಕಾ ಓಡುತ್ತಿರುವುದನ್ನು ಕಂಡ ಅವರಿಗೆ ಒಂದೇ ಅರ್ಥ ಹೊಳೆಯಿತು. ಡಬ್ಬಿ ಬಡಿದರು, ಕೂಗಿದರು, ಕೆಳಗಿಳಿದು ಅವನ ಹಿಂದೆಯೇ ಓಡಿದರು. ಗದ್ದಲ ಕೇಳಿ ತಿರುಗಿದ ಕಾಕಾನಿಗೆ, ಜನ ಓಡಿ ಬರುತ್ತಿರುವುದು ಕಂಡು ಅದೇ ಅರ್ಥ ಹೊಳೆಯಿತು. ಅವನನ್ನು ನೋಡಿ ಅವರು, ಅವರನ್ನು ನೋಡಿ ಅವನು, ಹೀಗೆ ಪರಸ್ಪರ ಪ್ರೇರಣೆಯಿಂದ ಎಲ್ಲರೂ ಜೀವಮಾನದ ಶ್ರೇಷ್ಠ ವೇಗವನ್ನು ಮುಟ್ಟಿದ ಹೊತ್ತಿಗೆ, ಕಾಕಾ ಗದ್ದೆಯ ಬದು ಹಾರಿ ಮೊಣಕಾಲು ತಿರುಚಿಕೊಂಡು ಬಿದ್ದ. ಆನೆಯೊಂದೇ ಆ ದಿನ ಓಡಿರಲಿಲ್ಲ. ಅದು ಬಂದೇ ಇರಲಿಲ್ಲ.

ಡಾಕ್ಟರ ಎದುರು ಕಾಕಾ, ಫೋನಿನಲ್ಲಿ ನೀವೇ ಹೇಳಿದಿರಲ್ಲ ಎಂದು ನೊಂದು ನುಡಿದ. ಅವರು ನನ್ನತ್ತ ತಿರುಗಿದರು. ಗಾಬರಿಯಲ್ಲಿ ನಾನು ಎರಡು ಸಲ ಕೆಮ್ಮಿದೆ. ಮತ್ತೆ ಸಾಕ್ಷಿ ಬೇಕಾಗಲಿಲ್ಲ.

ಹುಡುಗರ ಕಾಲಿಗೆ ಓಟ ಒಳ್ಳೆಯದೇ, ಆದರೆ ಈ ಭಾರಕ್ಕೆ, ಈ ಮೊಣಕಾಲಿಗೆ ಸೈಕಲ್ಲೇ ಸರಿ, ಅದೂ ಊತ ಇಳಿದ ಮೇಲೆ ಎಂದು ಡಾಕ್ಟರು ತೀರ್ಪು ಕೊಟ್ಟರು. ಊತ ಇಳಿಯುವಷ್ಟರಲ್ಲಿ ಒಂದು ತಿಂಗಳು ಹೋಗಿತ್ತು. ಅಷ್ಟು ದಿನ ಕಾಕಿ ನನ್ನ ಮುಖ ನೋಡದೆ ರೊಟ್ಟಿ ಬಡಿಸಿದಳು. ಕಾಕಾ ಮಾತ್ರ ಸೈಕಲ್ಲಿಗೆ ಗಾಳಿ ತುಂಬಿಸಿಕೊಂಡು ಬಂದು ಹೇಳಿದ: “ಇನ್ನ ಎರಡ ತಿಂಗಳ ಉಳದಾವು. ನಾ ಸೈಕಲ್ ಹೊಡೀತೇನಿ, ನೀ ಬಾಜೂಕ ಓಡು. ನಾ ನಿಲ್ಲೂತನಕ ನಿಲ್ಲಬ್ಯಾಡ.”

ಅವನು ನಿಲ್ಲಲೇ ಇಲ್ಲ. ಇಂದೂರ ಹಳ್ಳಿಯ ರಸ್ತೆಯ ಹುಣಸೆಮರದ ತನಕ ಹೋಗಿ ಬರುವುದು ವ್ರತವಾಯಿತು. ಮೊದಲ ವಾರ ನಾನು ಯಾರನ್ನೂ ಅಣಕಿಸಲಿಲ್ಲ. ಪರರ ದನಿ ತೆಗೆಯಲು ಮೊದಲು ಸ್ವಂತ ಉಸಿರು ಬೇಕು. ಹಬ್ಬದ ದಿನ ಹೋಳಿಗೆಯ ತಾಟನ್ನು ಕಾಕಾ ಬೆರಳ ತುದಿಯಿಂದ ಆಚೆ ಸರಿಸಿದ ಪರಿ ಕಂಡು, ಮರುದಿನ ತಪ್ಪಿಸಿಕೊಳ್ಳಲೆಂದು ಯೋಚಿಸಿಟ್ಟಿದ್ದ ಹೊಟ್ಟೆನೋವನ್ನು ನಾನೂ ಕೈಬಿಟ್ಟೆ. ಅವನಿಗೆ ಇಳಿಯಬೇಕೆನಿಸಿದಾಗ ನಾನು ಓಡುತ್ತಿದ್ದೆ. ನನಗೆ ಕೂರಬೇಕೆನಿಸಿದಾಗ ಅವನ ಚಕ್ರ ತಿರುಗುತ್ತಿತ್ತು.

ಎರಡು ತಿಂಗಳಾದ ಮೇಲೆ ನೋಡಿದರೆ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು. ನಾವು ಮಾತ್ರ ನಿಲ್ಲಿಸಲಿಲ್ಲ. ಈಗ ದಾರಿಯಲ್ಲಿ ನಮ್ಮನ್ನು ಯಾರೂ ‘ಎಲ್ಲಿಗೆ’ ಎನ್ನುವುದಿಲ್ಲ, ‘ಏನಾತು’ ಎನ್ನುವುದಿಲ್ಲ. ನಾವು ಹಾದುಹೋದರೆ ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಕೊಟ್ಟಿಗೆಗೆ ನಡೆಯುತ್ತಾರೆ.

ಒಂದು ಬೆಳಿಗ್ಗೆ ಕಾಕಾ, ನೂರು ವರ್ಷ ಬಾಳಲು ಸೈಕಲ್ಲೇ ಮೇಲು ಎಂದ. ನಾನು ಓಟವೇ ಮೇಲು ಎಂದೆ. ವಾದ ಏರಿತು. ರೊಟ್ಟಿ ಬಡಿಯುತ್ತಿದ್ದ ಕಾಕಿ ಕೈ ನಿಲ್ಲಿಸದೆ ಅಂದಳು:

“ಇಪ್ಪತ್ತ ವರ್ಷ ಆದಮ್ಯಾಲೆ, ಯಾರ ಕೈನೂ ಹಿಡೀದ, ನಿಮ್ಮ ಕಾಲಿಲೇ ನಡಕೋತ ಬಂದು ನನ್ನ ಮುಂದ ಹೇಳ್ರಿ. ಯಾರು ಬರ್ತೀರಿ, ಅವರ ಮಾತ ಖರೆ. ಫೋನಿನ್ಯಾಗ ಹೇಳಿದ್ರ ನಾ ನಂಬೂದಿಲ್ಲ.”