ಹತ್ತು ಷೇರು ಇರಲಿ

ನಿವೃತ್ತಿಯಾದ ಮೇಲೆ ನನಗೆ ಆಫೀಸಿನ ಕೆಲಸ ನೆನಪಾಗಲೇ ಇಲ್ಲ. ನೆನಪಾದದ್ದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಎಲ್ಲಿಗಾದರೂ ಹೊರಡುವ ಆ ಗಡಿಬಿಡಿ. ಹಾಗೆ ಹೊರಡಲು ಸಿಕ್ಕ ಜಾಗ ಯಾದವಗಿರಿಯ ಒಂದು ಮನೆಯ ಮಹಡಿ. ಅಲ್ಲಿ ಷೇರು ದಲ್ಲಾಳಿಯೊಬ್ಬರ ಕಚೇರಿಯಿತ್ತು. ಗೋಡೆಯ ಟಿ.ವಿ.ಯಲ್ಲಿ ಷೇರುಗಳ ಬೆಲೆ ಓಡುತ್ತಿತ್ತು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳು. ಶ್ರೀರಾಂಪುರದಿಂದ ಬಸ್ಸು ಹಿಡಿದು ನಾನು ಹೋಗುವಷ್ಟರಲ್ಲಿ ಇನ್ನಿಬ್ಬರು ಬಂದು ಕೂತಿರುತ್ತಿದ್ದರು.

ಒಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅಶೋಕಪುರಂನಲ್ಲಿ ರವಿಕೆ ಹೊಲಿಯುತ್ತಿದ್ದ ಅಕ್ಕ. ನಮ್ಮ ಮೂವರ ಹತ್ತಿರವೂ ಒಂದೇ ಸಾಫ್ಟ್‌ವೇರ್ ಕಂಪನಿಯ ಷೇರುಗಳಿದ್ದವು. ಅವನ್ನು ಯಾವಾಗ ಮಾರಬೇಕು ಅನ್ನುವುದೊಂದೇ ನಮ್ಮ ಚರ್ಚೆ. ವರ್ಷಗಟ್ಟಲೆ ನಡೆದರೂ ಬೇಸರವಾಗಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡ ಬೆಲೆ ಬಂದ ದಿನ ಮಾರಿ ಎದ್ದು ಹೋಗಬೇಕು ಅನ್ನುವುದು ಅಕ್ಕನ ಮಾತು. ಮೇಷ್ಟ್ರು ಡಾಲರು, ಅಮೆರಿಕದ ಚುನಾವಣೆ, ಕಂಪನಿಯ ಹೊಸ ಗಿರಾಕಿಗಳು ಎಲ್ಲವನ್ನೂ ವಿವರಿಸಿ, ಇನ್ನೊಂದಿಷ್ಟು ದಿನ ಕಾಯೋಣ ಎನ್ನುತ್ತಿದ್ದರು. ನನಗೋ, ಕೊನೆಯಲ್ಲಿ ಯಾರು ಮಾತಾಡಿದರೋ ಅವರದೇ ಸರಿ ಅನ್ನಿಸುತ್ತಿತ್ತು.

ಒಂದು ಸೋಮವಾರ ಬೆಲೆ ಜಿಗಿಯಿತು. ಅಕ್ಕ ಅವತ್ತೇ ಎಲ್ಲವನ್ನೂ ಮಾರಿ, ಅದೇ ವಾರ ಸೀರೆ ಅಂಚಿಗೆ ಜಿಗ್‌ಜ್ಯಾಗ್ ಹಾಕುವ ಮೆಷಿನ್ನು ಕೊಂಡರು. ಆಮೇಲೂ ಅಭ್ಯಾಸಬಲದಿಂದ ಬಂದು ಕೂರುತ್ತಿದ್ದರು. ಮೇಷ್ಟ್ರು ಮಾರಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಷೇರು ಮಾರಿ ಆಪರೇಷನ್ ಮಾಡಿಸುತ್ತೇನೆ ಎಂದು ಯುಗಾದಿಯಿಂದ ಹೇಳುತ್ತಿದ್ದವರು ದಸರಾ ಬಂದರೂ ಟಿ.ವಿ.ಯ ಅಂಕಿಗಳನ್ನು ನಮ್ಮಿಂದ ಓದಿಸಿಕೊಳ್ಳುತ್ತಿದ್ದರು. ಒಂದು ದಿನ ಮೆಟ್ಟಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡು ಬಂದರು. ಅಕ್ಕನಿಗೆ ತಡೆಯಲಾಗಲಿಲ್ಲ.

"ಕಣ್ಣಿಗಿಂತ ಷೇರು ಹೆಚ್ಚಾ ಮೇಷ್ಟ್ರೇ? ಮಾರ್ಬುಡಿ ಅತ್ಲಾಗೆ."

ಮೇಷ್ಟ್ರು ಡಾಲರಿನ ವಿಷಯ ಎತ್ತಲಿಲ್ಲ. ಈ ಷೇರು ಆರಿಸಿದ್ದು ತಮ್ಮ ಹೆಂಡತಿ ಎಂದರು. ಪೇಪರು ಓದಿ ಆಕೆ ಇದನ್ನೇ ಕೊಳ್ಳೋಣ ಎಂದಾಗ ಇವರು ಬೇಡವೆಂದು ವಾದಿಸಿದ್ದರಂತೆ. ಆಕೆ ತೀರಿಕೊಂಡು ಆರು ವರ್ಷವಾಗಿತ್ತು.

"ದಿನಾ ಸಂಜೆ, ಇವತ್ತು ಎಷ್ಟಾಯ್ತು ಅಂತ ಕೇಳೋಳು. ಮಾರಿಬಿಟ್ಟರೆ ನಾಳೆಯಿಂದ ನಾನು ಏನನ್ನ ನೋಡಲಿ?"

ಅಕ್ಕ ಮೆಲ್ಲಗೆ ಹೇಳಿದರು. "ಎಲ್ಲಾನೂ ಯಾಕೆ ಮಾರ್ತೀರಿ? ಹತ್ತು ಷೇರು ಇರ್ಲಿ. ಹತ್ತಿದ್ರೂ ಟಿ.ವಿ.ಲಿ ಅದೇ ಬೆಲೆ ತಾನೇ ತೋರ್ಸೋದು?"

ಅಷ್ಟೂ ವರ್ಷ ಗಣಿತ ಹೇಳಿಕೊಟ್ಟವರಿಗೆ ಇದು ಹೊಳೆದಿರಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಎದ್ದು ದಲ್ಲಾಳಿಯ ಟೇಬಲ್ಲಿಗೆ ಹೋದರು. ಆಪರೇಷನ್ ಎರಡು ಕಂತಿನಲ್ಲಿ ಆಯಿತು. ತಿರುಗಿ ಬಂದ ದಿನ ಕಪ್ಪು ಕನ್ನಡಕ ಹಾಕಿಕೊಂಡೇ ಬೆಲೆಯನ್ನು ತಾವೇ ಗಟ್ಟಿಯಾಗಿ ಓದಿದರು. ಅದು ಅವರು ಮಾರಿದ್ದಕ್ಕಿಂತ ಮೇಲಿತ್ತು. ಸ್ವಲ್ಪ ಕಾದಿದ್ದರೆ ಎಂದು ಶುರುಮಾಡಿದವರು ಅಕ್ಕನ ಮುಖ ನೋಡಿ ನಕ್ಕುಬಿಟ್ಟರು.

ಆಮೇಲೆ ಷೇರು ವ್ಯಾಪಾರವೆಲ್ಲ ಎಲ್ಲರ ಕೈಯ ಫೋನಿಗೇ ಬಂತು, ದಲ್ಲಾಳಿ ಮಹಡಿ ಖಾಲಿ ಮಾಡಿದರು. ಮೇಷ್ಟ್ರು ಮಗಳ ಜೊತೆ ಹಾಸನಕ್ಕೆ ಹೋದರು. ನಾನು ನನ್ನ ಷೇರುಗಳನ್ನು ಮಾರಿದ್ದು ಕಳೆದ ತಿಂಗಳು. ಅಡುಗೆಮನೆಯಲ್ಲಿ ನಿಂತು ಫೋನು ಒತ್ತಿದೆ, ಮುಗಿಯಿತು. ಬೇಡ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮನಸ್ಸು ತಡೆಯದೆ ಅಕ್ಕನಿಗೆ ಫೋನ್ ಮಾಡಿದೆ.

"ಯಾಕಮ್ಮ ಅಷ್ಟು ಬೇಗ ಮಾರ್ಬುಟ್ಟೆ?" ಎಂದರು.

ಅನ್ನದ ಕುಕ್ಕರು ಕೂಗುವವರೆಗೂ ನಾವಿಬ್ಬರು ವಾದ ಮಾಡಿದೆವು.