ಅಜೀಜಾಳ ಕರಿ ಹುರುಳಿ

ಜಂಗಮಕೋಟೆಯ ಗಂಗುಲಮ್ಮ ಪ್ರತಿ ವರ್ಷ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕರಿ ಹುರುಳಿ ಬಿತ್ತುತ್ತಿದ್ದಳು. ಬೀಜ ಅವಳದಲ್ಲ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಅಜೀಜಾಳದು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳೆದ ಸ್ನೇಹ ಅದು. ಚಿಂತಾಮಣಿ ಕಡೆಯ ತವರಿನ ಜಮೀನು ಕೈಬಿಟ್ಟಾಗ, ಅಜೀಜಾಳ ತಾಯಿ ಮುಸರ್ರತ್ ಮಗಳಿಗೆ ಒಂದು ಡಬ್ಬಿ ಬೀಜ ಕೊಟ್ಟು, ಈ ತಳಿ ಉಳಿಸಿಕೋ ಎಂದಿದ್ದರು. ಕಾಳು ನೋಡಿದರೆ ಅಂಗಡಿಯ ಕರಿ ಹುರುಳಿಯಂತೆಯೇ. ಆದರೆ ಪುಷ್ಯದ ಚಳಿಗೆ ಬೇರೆ ಹುರುಳಿಯೆಲ್ಲ ಎಲೆ ಉದುರಿಸಿದ ಮೇಲೂ ಇದರ ಬಳ್ಳಿ ಹಸಿರಾಗಿರುತ್ತಿತ್ತು. ಅಜೀಜಾಳ ಮೇಕೆಗಳಿಗೆ ಆಗ ಅದೇ ಹಸಿ ಮೇವು. ಸ್ವಂತ ನೆಲವಿಲ್ಲದ ಅವಳು ಬೀಜದ ಡಬ್ಬಿಯನ್ನು ತನ್ನ ಮನೆಯಲ್ಲಿ ಕಾಪಾಡಿಕೊಂಡು, ಮಳೆಗೆ ಮುಂಚೆ ತಂದು ಗಂಗುಲಮ್ಮನ ಕೈಗೆ ಕೊಡುತ್ತಿದ್ದಳು.

ಕಳೆದ ಆಷಾಢದಲ್ಲಿ ಗಂಗುಲಮ್ಮನ ಹಸು ಕರು ಹಾಕಿ ಮೇಲೇಳಲಿಲ್ಲ. ಈದ ಹಸುವಿಗೆ ಹುರುಳಿ ಬೇಯಿಸಿ ಇಡಬೇಕು. ಮನೆಯ ಹುರುಳಿ ಮುಗಿದಿತ್ತು. ಅವಳು ಡಬ್ಬಿಯನ್ನು ಪಾತ್ರೆಗೆ ಬಗ್ಗಿಸಿದಳು. ಅರ್ಧ ಉಳಿಸಬೇಕೆಂದಿದ್ದಳು, ಉಳಿಸಲಿಲ್ಲ. ಹಸು ಎದ್ದಿತು. ವಿಷಯ ಹೇಳಲೆಂದು ಶಿಡ್ಲಘಟ್ಟಕ್ಕೆ ಹೋದವಳು ಅಜೀಜಾ ಕೊಟ್ಟ ಟೀ ಕುಡಿದು, ಹೇಳದೆಯೇ ವಾಪಸು ಬಂದಳು. ಬರುವಾಗ ಸಂತೆಯಿಂದ ಕರಿ ಹುರುಳಿ ತಂದು ಡಬ್ಬಿ ತುಂಬಿದಳು. ಭಾದ್ರಪದದಲ್ಲಿ ಅದನ್ನೇ ಬಿತ್ತಿದಳು.

ಪುಷ್ಯದಲ್ಲಿ ಅಜೀಜಾ ಬಂದಾಗ ಬದುವಿನ ಮೇಲೆ ಬರೀ ಒಣಕಡ್ಡಿ. ಅವಳು ಕುಕ್ಕರಗಾಲಲ್ಲಿ ಕೂತು ಬಳ್ಳಿ ಎತ್ತೆತ್ತಿ ನೋಡಿದಳು. ನೂಲು ಬಿಚ್ಚುವ ಕೋಣೆಯ ಹಬೆಯಲ್ಲಿ ಡಬ್ಬಿ ಇಟ್ಟಿದ್ದೇ ತಪ್ಪಾಯಿತು ಎಂದು ತನ್ನನ್ನೇ ಬೈದುಕೊಂಡಳು.

“ಬೀಜ ಕೆಡಿಸಿಬಿಟ್ಟೆ ಗಂಗಕ್ಕಾ. ಅಮ್ಮೀಗೆ ಏನಂತ ಹೇಳ್ಲಿ?”

ಗಂಗುಲಮ್ಮನಿಗೆ ತಡೆಯಲಾಗಲಿಲ್ಲ. “ನೀನಲ್ಲ ಕಣಮ್ಮ, ನಾನು. ಹಸೂಗೆ ಬೇಯಿಸಿ ಹಾಕ್ಬಿಟ್ಟೆ. ಇದು ಸಂತೇದು.”

ಅಜೀಜಾ ಕೈಯಲ್ಲಿದ್ದ ಒಣಬಳ್ಳಿಯನ್ನು ಬದುವಿನ ಮೇಲೆ ಇಟ್ಟಳು. “ಕೇಳಿದ್ರೆ ನಾನೇ ಕೊಡ್ತಿದ್ದೆ,” ಎಂದಳು ಆಮೇಲೆ. “ಒಂದು ಹಿಡಿ ಇಟ್ಕೊಂಡು.”

ಹೋದ ವರ್ಷ ಸಿಡಿದ ಕಾಳು ಎಲ್ಲಾದರೂ ಮೊಳೆತಿರಬಹುದೆಂದು ಇಬ್ಬರೂ ಸುತ್ತಲಿನ ಬದುಗಳನ್ನೆಲ್ಲ ತಿರುಗಿದರು. ಎಲ್ಲೂ ಹಸಿರು ಬಳ್ಳಿ ಕಾಣಲಿಲ್ಲ.

ರಂಜಾನ್ ಹಬ್ಬಕ್ಕೆ ಮಗಳ ಮನೆಗೆ ಬಂದ ಮುಸರ್ರತ್ ಗಂಗುಲಮ್ಮನನ್ನು ಕರೆಸಿ, ಈ ಸಲ ಹುರುಳಿ ಹೇಗೆ ಬಂತು ಎಂದು ವಿಚಾರಿಸಿದರು. ಅವರ ಹಿಂದೆ ನಿಂತಿದ್ದ ಅಜೀಜಾ, ಹೇಳಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು.

“ಚೆನ್ನಾಗಿ ಬಂತಮ್ಮ,” ಎಂದಳು ಗಂಗುಲಮ್ಮ.

ಮುಸರ್ರತ್ ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.